ಜೀಪು ಗಾಡಿಯ ಮುಂದಿನ ಅಚ್ಚಿನಲ್ಲಿ ಎಣ್ಣೆಯ ಸೋರುವಿಕೆ ಮತ್ತು ಅದರ ದುರಸ್ತಿ

ಎತ್ತಿನ ಗಾಡಿಯ ಅಚ್ಚಿನಿಂದ ಕೀಲೆಣ್ಣೆಯು ತೊಟ್ಟಿಕ್ಕಿದರೆ ಯಾರೂ ಚಿಂತಿಸುವುದಿಲ್ಲ. ಮತ್ತಷ್ಟು ಸವರಿದರೆ ಕೆಲಸವು ತೀರಿತು. ನಾಲ್ಕು ಚಕ್ರಗಳಿಗೂ ಎಳೆತವುಳ್ಳ ಜೀಪು ಗಾಡಿಯ ವಿಷಯದಲ್ಲಿಯೂ ಮಲೆನಾಡಿನ ಅನೇಕ ಭೂಮಾಲೀಕರು ಇದೇ ರೂಢಿಯನ್ನು ಅನುಸರಿಸುತ್ತಿರುವುದು ನನ್ನ ಸಂಚಾರಕಾಲದಲ್ಲಿ ಕಂಡುಬಂದಿದೆ. ಕಳೆದ ಮಳೆಗಾಲದಲ್ಲಿ ತೋಟದ ಯಜಮಾನರೊಬ್ಬರ ಗಾಡಿಯು ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ, ಬ್ರೇಕು ಒತ್ತಿದೊಡನೆ ಎಡಕ್ಕೆ ಎಳೆದು ಚರಂಡಿಗೆ ಇಳಿಯಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಬಲಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ನೋಡಲಾಗಿ ಬ್ರೇಕಿನ ಪಟ್ಟಿಗಳು ಗೇರ್ ಎಣ್ಣೆಯಲ್ಲಿ ನೆನೆದಿದ್ದವು. ಹೊರಗಿನ ಸೀಲನ್ನು ಆ ವರ್ಷ ಎರಡು ಬಾರಿ ಬದಲಾಯಿಸಿದ್ದರಂತೆ. ದೋಷವಿದ್ದುದು ಒಳಗಿನ ಸೀಲಿನಲ್ಲಿ.

ವಿಲ್ಲಿಸ್ ಮಾದರಿಯ ಜೀಪುಗಳ ಜೋಡಣೆಯು ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಪ್ರಾರಂಭವಾಯಿತು. ಈ ಮಾದರಿಯ ಹಳೆಯ ಗಾಡಿಗಳಲ್ಲಿ ಮುಂದಿನ ಅಚ್ಚಿನ ಕೊಳವೆಯ ಎರಡು ತುದಿಗಳೂ ಚೆಂಡಿನಾಕಾರದಲ್ಲಿರುವುವು. ಚಕ್ರವನ್ನು ತಿರುಗಿಸುವ ಗೂಡು ಈ ಚೆಂಡನ್ನು ಕವಿದುಕೊಂಡಿರುವುದು. ಒಳಗಿನ ಕೀಲು ಗ್ರೀಸಿನಲ್ಲಿ ಮುಳುಗಿರುವುದು. ಚೆಂಡಿನ ಮೈಯನ್ನು ಒರೆಸುತ್ತಿರುವುದೇ ಹೊರಗಿನ ಸೀಲು. ಕೊಳವೆಯೊಳಗೆ ದಂಡವನ್ನು ಸುತ್ತಿ ಇನ್ನೊಂದು ಸೀಲು ಇದ್ದು, ಡಿಫರೆನ್ಷಿಯಲ್ ಪೆಟ್ಟಿಗೆಯ ತೆಳುವಾದ ಗೇರ್ ಎಣ್ಣೆಯನ್ನು ಚೆಂಡಿನ ಗೂಡಿಗೆ ಬಾರದಂತೆ ತಡೆಯುವುದು. ಇದು ಸವೆದರೆ ಎಣ್ಣೆಯು ಗೂಡಿಗೆ ನುಗ್ಗಿ ಗ್ರೀಸನ್ನು ನೀರಾಗಿಸಿ, ಹೊರಗಿನ ಸೀಲು ಹೊಸದಾಗಿದ್ದರೂ ಅದನ್ನು ದಾಟುವುದು. ಚಕ್ರದ ಗುಂಬದ ಮೂಲಕ ಬ್ರೇಕಿಗೂ ತಲುಪುವುದು.

ಆದುದರಿಂದ ಬಿಚ್ಚುವುದಕ್ಕೆ ಮೊದಲು ಸೋರುವುದು ಯಾವುದೆಂದು ತಿಳಿಯತಕ್ಕದ್ದು. ಮಂದವಾದ ಗ್ರೀಸು ಮಾತ್ರ ಚೆಂಡಿನ ಅಡಿಯಲ್ಲಿ ಮೆತ್ತಿದ್ದರೆ ದೋಷವು ಹೊರಗಿನದು. ತೆಳುವಾಗಿ ಗಂಧಕದ ವಾಸನೆಯುಳ್ಳದ್ದಾದರೆ ಅದು ಗೇರ್ ಎಣ್ಣೆ. ಆಗ ಡಿಫರೆನ್ಷಿಯಲ್ಲಿನ ಮಟ್ಟದ ತಿರುಪನ್ನು ತೆಗೆದು ನೋಡಬೇಕು. ಅಲ್ಲಿ ಎಣ್ಣೆಯು ಇಳಿದು ಗೂಡಿನಲ್ಲಿ ತುಂಬಿದ್ದರೆ ಒಳಗಿನ ಸೀಲೇ ಹೋಗಿದೆ. ಅಚ್ಚಿನ ಉಸಿರುಗಂಡಿಯು ಕೆಸರಿನಿಂದ ಮುಚ್ಚಿದ್ದರೂ ಬಿಸಿಯಾದ ಗಾಳಿಯು ಎಣ್ಣೆಯನ್ನು ಹೊರದೂಡುವುದು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮೇಸ್ತ್ರಿಗಳು ಮರೆಯುವುದೇ ಹೆಚ್ಚು.

ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಅಚ್ಚನ್ನು ಭದ್ರವಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಕೂಡದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಸಡಿಲವಿದ್ದರೆ ಒಬ್ಬನಿಂದ ಬ್ರೇಕನ್ನು ಒತ್ತಿಸಿ ಪುನಃ ಅಲುಗಿಸಿರಿ: ಸಡಿಲವು ಮಾಯವಾದರೆ ಚಕ್ರದ ಬೇರಿಂಗು, ಉಳಿದರೆ ತಿರುಗುಗೂಟದ ಬೇರಿಂಗು ಸವೆದಿದೆ. ಅದನ್ನು ಸರಿಪಡಿಸದೆ ಯಾವ ಸೀಲನ್ನು ಹಾಕಿದರೂ ನಿಲ್ಲದು.

ಹೊರಗಿನ ಸೀಲು ಎರಡು ಹೋಳುಗಳಲ್ಲಿದ್ದು ಎಂಟು ತಿರುಪುಗಳಿಂದ ಬಿಗಿಯಲ್ಪಟ್ಟಿರುವುದು. ಚಕ್ರವನ್ನು ಕಳಚದೆಯೇ ತೆಗೆಯಬಹುದು. ಚೆಂಡಿನ ಮೈಮೇಲೆ ತುಕ್ಕು ಇದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ, ಒರೆಸಿ, ಗ್ರೀಸು ಸವರಿ, ತಿರುಪುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ತುಕ್ಕಿನ ಗುಳಿಗಳು ಆಳವಾಗಿದ್ದರೆ ಹೊಸ ಸೀಲಿಗೂ ಆಯುಸ್ಸಿಲ್ಲ.

ಒಳಗಿನ ಸೀಲಿಗೆ ಚಕ್ರ, ಗುಂಬ, ಬ್ರೇಕಿನ ತಟ್ಟೆಗಳನ್ನೆಲ್ಲ ಕಳಚಿ ದಂಡವನ್ನು ಹೊರಗೆಳೆಯಬೇಕು. ಹೊಸ ಸೀಲಿನ ತುಟಿಯು ಡಿಫರೆನ್ಷಿಯಲ್ಲಿನ ಎಣ್ಣೆಯ ಕಡೆಗೆ ಮುಖಮಾಡಿರತಕ್ಕದ್ದು. ಸುತ್ತಿಗೆಯಿಂದ ನೇರವಾಗಿ ಹೊಡೆಯದೆ, ಅದರ ಅಂಚಿಗೆ ಸರಿಯಾದ ಕೊಳವೆಯ ತುಂಡನ್ನಿಟ್ಟು ನೇರವಾಗಿ ಕೂರಿಸಬೇಕು. ದಂಡದ ಮೇಲೆ ಹಳೆಯ ಸೀಲು ಉಜ್ಜಿದ ಜಾಗವನ್ನು ಉಗುರಿನಿಂದ ಸವರಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ದಂಡವೇ ದುರಸ್ತಿಗೆ ಬಂದಿದೆ. ಹೊಸ ಸೀಲುಗಳು ಕೆಡುವುದು ಬಹುಮಟ್ಟಿಗೆ ದಂಡವನ್ನು ಹಿಂದಕ್ಕೆ ಹಾಕುವಾಗಲೇ: ಅದರ ಭಾರವು ತುಟಿಯ ಮೇಲೆ ಬಿದ್ದು, ತುದಿಯ ಹಲ್ಲುಗಳು ತುಟಿಯನ್ನು ಕೊಯ್ಯುವುವು. ತುಟಿಗೆ ಗ್ರೀಸು ಹಚ್ಚಿ, ದಂಡವನ್ನು ಕೈಯಿಂದ ಎತ್ತಿಹಿಡಿದೇ ನೂಕಬೇಕು. ನಾನು ನಿಂತು ಮಾಡಿಸುವುದು ಈ ಒಂದು ಕೆಲಸವನ್ನೇ.

ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪುನಃ ಹಾಕುವ ಮಿತವ್ಯಯವು ಸಲ್ಲದು. ಮುಂದಿನ ಎರಡು ಚಕ್ರಗಳ ಪಟ್ಟಿಗಳನ್ನೂ ಜೊತೆಯಾಗಿ ಬದಲಾಯಿಸತಕ್ಕದ್ದು. ಗೂಡಿನ ಕೆಟ್ಟ ಗ್ರೀಸನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ತುಂಬಿ, ಡಿಫರೆನ್ಷಿಯಲ್ಲಿಗೆ ಎಣ್ಣೆಯನ್ನು ರಂಧ್ರದ ಕೆಳಅಂಚಿನವರೆಗೆ ಮಾತ್ರ ಹಾಕಬೇಕು. ಹಳ್ಳ ದಾಟಿದ ಮೇಲೆ ಚಕ್ರಗಳನ್ನು ಎಡಬಲಕ್ಕೆ ಪೂರ್ತಿ ತಿರುಗಿಸಿದರೆ ಚೆಂಡಿನ ಮೇಲಿನ ನೀರು ಒರೆಸಿಹೋಗುವುದು. ಮಟ್ಟದ ತಿರುಪನ್ನು ಬಿಚ್ಚಿದಾಗ ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆಯೆಂದು ತಿಳಿದು, ಅಂದೇ ಬದಲಾಯಿಸಬೇಕು.