ಅರಿಶಿನ ಕೆಂಪಾದ ಸೋಪು

ಪುಟ್ಟಿ, ನೀನು ಕಳಿಸಿದ ಚೀಟಿಯ ನಮೂನೆ ನೋಡಿದೆ. ಹಾನುಬಾಳು ಕಡೆಯ ಹೋಂಸ್ಟೇಗಳಿಗೆ ಬರುವ ಬೆಂಗಳೂರಿನವರಿಗೆ ಸೋಪು ಮಾಡಿ ಮಾರುವ ಯೋಚನೆ ಚೆನ್ನಾಗಿದೆ. ಕಾಫಿ ಹೂವಿನ ಚಿತ್ರವೂ ಚೆನ್ನಾಗಿದೆ. ಅದರ ಕೆಳಗೆ ‘ಯಾವುದೇ ಕೆಮಿಕಲ್ ಇಲ್ಲ’ ಅಂತ ಬರೆದಿದ್ದೀಯಲ್ಲ, ಅದೊಂದನ್ನು ಅಳಿಸು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳ ಮೊಮ್ಮಗಳು ಕಣೆ ನೀನು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಓದಿದರೆ ನಗುತ್ತಾರೆ.

ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ. ಅದು ಎಣ್ಣೆಯನ್ನು ಒಡೆದು ಒಂದು ಪಾಲನ್ನು ಸೋಪು ಮಾಡುತ್ತದೆ, ಇನ್ನೊಂದು ಪಾಲು ಗ್ಲಿಸರಿನ್ ಆಗುತ್ತದೆ. ಲೆಕ್ಕ ಸರಿಯಿದ್ದರೆ ಕಾಸ್ಟಿಕ್ ಪೂರ್ತಿ ಖರ್ಚಾಗಿಬಿಡುತ್ತದೆ. ಬೇಕಿದ್ದರೆ ‘ಕಾಸ್ಟಿಕ್ ಹಾಕಿದ್ದೇನೆ, ಉಳಿಸಿಲ್ಲ’ ಅಂತ ಬರೆ, ನಾನೇ ಮೊದಲ ಗಿರಾಕಿ.

ಅದಿಲ್ಲದೆ ನೊರೆ ಬೇಕೆಂದರೆ ನಮ್ಮ ಕಾಡಿನಲ್ಲೇ ಸೀಗೆ ಇದೆ, ಅಂಟುವಾಳ ಇದೆ. ನನ್ನಮ್ಮ ರೇಷ್ಮೆ ಸೀರೆಯನ್ನೂ ಬಂಗಾರದ ಸರವನ್ನೂ ಅಂಟುವಾಳದ ನೀರಿನಲ್ಲೇ ತೊಳೆಯುತ್ತಿದ್ದಳು. ಆ ನೊರೆಗೆ ಕಾರಣ ಕಾಯಿಯಲ್ಲೇ ಇರುವ ಸಪೋನಿನ್, ಎಣ್ಣೆ ಒಡೆಯುವ ಕೆಲಸವೇ ಅಲ್ಲಿಲ್ಲ. ಸಪೋನಿನ್ ಕೂಡ ಕೆಮಿಕಲ್ಲೇ ಅನ್ನು. ಅದನ್ನು ಹಳ್ಳಕ್ಕೆ ಮಾತ್ರ ಚೆಲ್ಲಬೇಡ, ಮೀನು ಸಾಯುತ್ತವೆ.

ಕಾಸ್ಟಿಕ್ ಅಂದರೆ ಹೆದರಬೇಕಾಗಿಲ್ಲ, ಆದರೆ ಸದರ ಕೊಡಬೇಡ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಹೇಗೆ ಕುದಿದು ಅರಳುತ್ತದೋ, ಇದೂ ಅಷ್ಟೇ ಬಿಸಿ ಏರುತ್ತದೆ. ಅದಕ್ಕೇ ತಣ್ಣೀರಿಗೆ ಕಾಸ್ಟಿಕ್ ಹಾಕಬೇಕು, ಸ್ವಲ್ಪಸ್ವಲ್ಪವಾಗಿ. ಕಾಸ್ಟಿಕ್ ಮೇಲೆ ನೀರು ಸುರಿದೆಯೋ, ಮುಖಕ್ಕೇ ಸಿಡಿಯುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಮೈಮೇಲೆ ಬಿದ್ದರೆ ನಿಂಬೆಹುಳಿ ಗಿಂಬೆಹುಳಿ ಹುಡುಕದೆ ನಲ್ಲಿ ಕೆಳಗೆ ಹಿಡಿ, ತುಂಬಾ ಹೊತ್ತು. ಜ್ಯೂಸಿನ ಬಾಟಲಿಯಲ್ಲಂತೂ ಕಾಸ್ಟಿಕ್ ನೀರು ತುಂಬಿಡಬೇಡ, ಮನೆಯಲ್ಲಿ ಮಕ್ಕಳಿದ್ದಾರೆ.

ನಾನು ಮೊದಲ ಸಲ ಮಾಡಿದಾಗ ಅಮ್ಮನ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಂಡಿದ್ದೆ. ಬಿಎಸ್ಸಿ ಓದಿದವಳು! ಪಾತ್ರೆ ಬುರುಬುರು ನೊರೆಯುಕ್ಕಿ ಕಪ್ಪಾಯಿತು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಬಿಡುತ್ತದೆ ಅಂತ ಪರೀಕ್ಷೆಯಲ್ಲಿ ಬರೆದಿದ್ದೆ, ಬಚ್ಚಲೊಲೆಯ ಪಕ್ಕ ಕೂತಾಗ ನೆನಪಾಗಲಿಲ್ಲ. ಸ್ಟೀಲಿನದು ತಗೋ.

ಇನ್ನು ಲೆಕ್ಕ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಕಡಲೆಕಾಯಿ ಎಣ್ಣೆಗೆ 136 ಸಾಕು, ಹರಳೆಣ್ಣೆಗೆ 128. ಮನೆಯಲ್ಲಿ ಇದ್ದ ಎಣ್ಣೆ ಬದಲಿಸಿ ಹಳೆಯ ಅಳತೆಯನ್ನೇ ಹಾಕಿದರೆ ಕೆಟ್ಟಿತು. ಬರೀ ಕೊಬ್ಬರಿ ಎಣ್ಣೆಯ ಸೋಪು ನೊರೆ ಚೆನ್ನಾಗಿ ಕೊಡುತ್ತದೆ, ಆದರೆ ಚರ್ಮ ಬಿರಿಯುತ್ತದೆ. ಕೊಬ್ಬರಿ 600 ಗ್ರಾಂ, ಕಡಲೆಕಾಯಿ 300, ಹರಳೆಣ್ಣೆ 100 ಮಾಡು. ಕಾಸ್ಟಿಕ್ 163 ಗ್ರಾಂ ಬರುತ್ತದೆ. ನೂರಕ್ಕೆ ಐದರಷ್ಟು ಕಳೆದು 155 ಹಾಕು, ನೀರು 330. ಕೊಂಚ ಎಣ್ಣೆ ಒಡೆಯದೆ ಉಳಿದರೆ ಮೈಗೆ ಹಿತ. ಅಂಗಡಿಯವನು ಎಣ್ಣೆಯನ್ನು ಲೀಟರಿನಲ್ಲಿ ಕೊಡುತ್ತಾನೆ, ಒಂದು ಲೀಟರು ಒಂದು ಕಿಲೋ ಅಲ್ಲ, ಸುಮಾರು 915 ಗ್ರಾಂ. ಲೋಟದ ಅಳತೆ ಬಿಡು, ಗ್ರಾಂ ತೋರಿಸುವ ತಕ್ಕಡಿ ತಗೋ. ಎಣ್ಣೆಗೆ ಕಾಸ್ಟಿಕ್ ನೀರು ಸೇರಿಸಿ ತಿರುಗಿಸುತ್ತಾ ಇದ್ದರೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಬಿಟ್ಟ ಗೆರೆ ಮೇಲೆ ಒಂದು ಕ್ಷಣ ನಿಂತರೆ ಅಚ್ಚಿಗೆ ಹೊಯ್ಯಬಹುದು.

ನಿನ್ನ ಅರಿಶಿನದ ಸೋಪು ಕೆಂಪಾಯಿತು, ಎಣ್ಣೆ ಕೆಟ್ಟಿದೆಯೇನೋ ಅಂತ ಫೋನಿನಲ್ಲಿ ಅತ್ತೆಯಲ್ಲ, ಎಣ್ಣೆಗೇನೂ ಆಗಿಲ್ಲ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಕಲಸಿದರೆ ಏನಾಗುತ್ತದೆ? ಅಣ್ಣನ ಬನಿಯನ್ನಿನ ಮೇಲಿನ ಸಾರಿನ ಕಲೆಗೆ ಸೋಪು ತಿಕ್ಕಿದಾಗ? ಕ್ಷಾರ ತಾಗಿದ ಅರಿಶಿನ ಕೆಂಪಾಗುತ್ತದೆ, ಅಷ್ಟೇ. ಹಳದಿ ಸೋಪೇ ಬೇಕೆಂದು ಬಣ್ಣ ಸೇರಿಸಲು ಹೋಗಬೇಡ. ಕಿತ್ತಳೆ ಸಿಪ್ಪೆಯ ಪುಡಿ, ಬಳಸಿದ ಕಾಫಿಪುಡಿ ಹಾಕು, ನಮ್ಮ ತೋಟದ್ದೇ ಇದೆ.

ಎಲ್ಲಕ್ಕಿಂತ ಮುಖ್ಯ ಮಳೆ. ನೀನು ಕಲಿತ ವಿಡಿಯೋದವರಿಗೆ ಆಲೂರು, ಸಕಲೇಶಪುರದ ಜುಲೈ ಗೊತ್ತಿಲ್ಲ. ಕಾಸ್ಟಿಕ್ ಗಾಳಿಯ ತೇವವನ್ನು ಹೀರಿ ಬೆವೆತು ಮುದ್ದೆಯಾಗುತ್ತದೆ. 155 ಗ್ರಾಂ ಅಂತ ತೂಗಿದ್ದರಲ್ಲಿ ಎಷ್ಟೋ ಭಾಗ ನೀರೇ. ಬಾಯಿ ತೆರೆದಿಟ್ಟ ಡಬ್ಬಿಯಾದರೆ ಗಾಳಿಯ ಇಂಗಾಲದ ಡೈಆಕ್ಸೈಡೂ ಸೇರಿ ಬಲ ಕುಂದುತ್ತದೆ. ಸೋಪು ಮೆತ್ತಗಾಗಿ ಜಿಡ್ಡಾಗುತ್ತದೆ. ಮಾಡಿಟ್ಟ ಸೋಪೂ ಗ್ಲಿಸರಿನ್ನಿನಿಂದಾಗಿ ತೇವ ಎಳೆದು ಹನಿಹನಿ ಬೆವರುತ್ತದೆ. ನಾಲ್ಕರಿಂದ ಆರು ವಾರ ಒಣಗಬೇಕಾದ್ದು ಮುಂಗಾರಿನಲ್ಲಿ ಒಣಗುವುದೇ ಇಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡ, ಹೊಗೆ ವಾಸನೆ ಹಿಡಿಯುತ್ತದೆ. ದೀಪಾವಳಿ ಆದ ಮೇಲೆ ಶುರುಮಾಡು. ಬೇಸಿಗೆ ರಜಕ್ಕೆ ಬರುವವರಿಗೆ ಸಾಕಾಗುವಷ್ಟು ಯುಗಾದಿಯೊಳಗೆ ಮಾಡಿಟ್ಟುಕೊ.

ನಮ್ಮ ಕಡೆಯ ನೀರು ಮೆದು, ಸೋಪು ಚೆನ್ನಾಗಿ ನೊರೆಯುತ್ತದೆ. ಅದೇ ಸೋಪನ್ನು ಅರಸೀಕೆರೆಯ ಬೋರ್‌ವೆಲ್ ನೀರಿಗೆ ಒಯ್ದರೆ ಕ್ಯಾಲ್ಸಿಯಂ ಹಿಡಿದು ಬಿಳಿ ಗಸಿ ಕೂರುತ್ತದೆ. ಕೊಬ್ಬರಿಗೆ ಮಾತ್ರ ಅರಸೀಕೆರೆಯವರನ್ನೇ ಕೇಳಬೇಕು. ಒಳ್ಳೆಯ ಎಣ್ಣೆ ಒಂದು ಕಡೆ, ಒಳ್ಳೆಯ ನೀರು ಇನ್ನೊಂದು ಕಡೆ, ನಮ್ಮ ಹಾಸನ ಜಿಲ್ಲೆಯೇ ಹಾಗೆ.

ಇನ್ನು ಮಾರುವ ಮಾತು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗದೆ ಉಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916ರ ಹೊತ್ತಿಗೆ ಗಂಧದೆಣ್ಣೆ, ಆಮೇಲೆ ಸೋಪಿನ ದಾರಿ ಹಿಡಿಯಿತು. ರಸಾಯನಶಾಸ್ತ್ರಜ್ಞರಾಗಿದ್ದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸೋಪಿನ ವಿದ್ಯೆಗೆಂದೇ ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. ನೀನು ಮೂರು ದಿನ ಮೊಬೈಲು ನೋಡಿ ಮಾರಲು ಹೊರಟಿದ್ದೀಯ. ಮನೆಗೆ ಮಾಡಿಕೊಳ್ಳುವುದು ಬೇರೆ, ಮಾರುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಅದನ್ನು ವಿಚಾರಿಸದೆ ಸಾವಿರ ಚೀಟಿ ಅಚ್ಚು ಹಾಕಿಸಬೇಡ.

ಕೆಂಪಾದ ಸೋಪನ್ನು ಬಿಸಾಡಬೇಡ. ಆರು ವಾರ ತುಂಬಲಿ, ನನಗೆ ಎರಡು ಎತ್ತಿಡು. ಕಣದ ಕೆಲಸ ಮುಗಿದ ಮೇಲೆ ಬರುತ್ತೇನೆ, ಹೊಸ ಹದ ಇಬ್ಬರೂ ಸೇರಿ ಹಾಕೋಣ. ತಕ್ಕಡಿ ನಾನೇ ತರುತ್ತೇನೆ. ಸ್ಟೀಲ್ ಪಾತ್ರೆ ನೀನು ಹೊಸದು ಕೊಂಡಿರು. ನಿಮ್ಮಮ್ಮನ ಅಡುಗೆಮನೆಯಿಂದ ಒಂದು ಸೌಟನ್ನೂ ಮುಟ್ಟಬೇಡ, ಆಮೇಲೆ ಅವಳ ಮುಂದೆ ನಾನು ನಿಲ್ಲುವ ಹಾಗಿಲ್ಲ.