ಹಳೆಯ ಗಿಟಾರ್ ಆಂಪ್ಲಿಫೈಯರ್, ಪೆಡಲ್‌ಗಳ ಕಾಲನಿರ್ಣಯ ಹೇಗೆ?

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕಂಪನವನ್ನು ಪಿಕಪ್ ಎಂಬ ಕಾಂತಸುರುಳಿ ಕ್ಷೀಣವಾದ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಆ ಸಂಕೇತವನ್ನು ವರ್ಧಿಸಿ ಸ್ಪೀಕರಿನ ಮೂಲಕ ಕೇಳಿಸುವ ಆಂಪ್ಲಿಫೈಯರ್ ಇಲ್ಲದೆ ವಾದ್ಯ ಪೂರ್ಣವಾಗುವುದಿಲ್ಲ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕಾಲಬುಡದಲ್ಲಿ ಇಟ್ಟುಕೊಳ್ಳುವ, ನಾದದ ಸ್ವರೂಪವನ್ನೇ ಬದಲಿಸುವ ಎಫೆಕ್ಟ್ ಪೆಡಲ್ ಸಹ ಕಾಲಕ್ರಮದಲ್ಲಿ ವಾದ್ಯದ ಭಾಗವೇ ಆಯಿತು. 1950ರಿಂದ 1980ರವರೆಗಿನ ಇಂಥ ಸಾಧನಗಳಿಗೆ ಇಂದು ಸಂಗ್ರಾಹಕರ ಬೇಡಿಕೆಯಿದ್ದು, ಒಂದೇ ಹೆಸರಿನ ಎರಡು ಪೆಟ್ಟಿಗೆಗಳ ಬೆಲೆಯು ತಯಾರಾದ ವರ್ಷದ ಕಾರಣಕ್ಕೇ ಹಲವು ಪಟ್ಟು ಬೇರೆಯಾಗುವುದುಂಟು. ಆದ್ದರಿಂದ ಮಾರುವವರು ಹೇಳುವ ವರ್ಷವನ್ನು ನಂಬುವ ಬದಲು ಸಾಧನದ ಮೇಲಿರುವ ಗುರುತುಗಳನ್ನೇ ಓದಲು ಕಲಿಯುವುದು ಅಗತ್ಯ. ಈ ಓದಿಗೆ ಆಧಾರವಾದ ನಿಯಮ ಒಂದೇ: ಯಾವ ಸಾಧನವೂ ತನ್ನ ಮೂಲ ಬಿಡಿಭಾಗಗಳಲ್ಲಿ ತೀರ ಈಚಿನದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಮೊದಲು ಸುರಕ್ಷತೆ

ವಾಲ್ವ್ ರೇಡಿಯೊಗಳಲ್ಲಿ ಇದ್ದಂಥ ಗಾಜಿನ ವಾಲ್ವ್‌ಗಳೇ ಹಳೆಯ ಆಂಪ್ಲಿಫೈಯರುಗಳಲ್ಲೂ ಕೆಲಸ ಮಾಡುತ್ತವೆ. ಇವುಗಳಿಗೆ ಬೇಕಾದ ಅಧಿಕ ವೋಲ್ಟೇಜನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು, ದೊಡ್ಡ ಆಂಪ್ಲಿಫೈಯರುಗಳಲ್ಲಿ 400 ವೋಲ್ಟಿಗೂ ಹೆಚ್ಚಿನ ಒತ್ತಡವನ್ನು ಪ್ಲಗ್ ಕಿತ್ತ ಮೇಲೂ ಉಳಿಸಿಕೊಂಡಿರಬಲ್ಲವು. ಅದು ಜೀವ ತೆಗೆಯುವಷ್ಟು ಶಕ್ತಿ. ಆದಕಾರಣ ಚಾಸಿಸ್ಸನ್ನು, ಅಂದರೆ ಸರ್ಕ್ಯೂಟ್ ಕೂಡಿಸಿರುವ ಲೋಹದ ಚೌಕಟ್ಟನ್ನು, ಪೆಟ್ಟಿಗೆಯಿಂದ ಹೊರತೆಗೆಯುವ ಕೆಲಸವನ್ನು ವಾಲ್ವ್ ಸಾಧನಗಳ ರಿಪೇರಿ ಬಲ್ಲ ತಂತ್ರಜ್ಞರಿಂದಲೇ ಮಾಡಿಸಬೇಕು. ಅಮೆರಿಕದಲ್ಲಿರುವ ಬಂಧುಗಳು ತಂದುಕೊಡುವ ಪೆಟ್ಟಿಗೆಯ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು: ಅಲ್ಲಿನ ಮನೆಗಳ ವಿದ್ಯುತ್ ಸುಮಾರು 120 ವೋಲ್ಟ್, 60 ಹರ್ಟ್ಸ್, ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ತಕ್ಕ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಪ್ಲಗ್ ಹಾಕಿದರೆ ಅರ್ಧ ಶತಮಾನ ಬಾಳಿದ ಮೂಲ ಟ್ರಾನ್ಸ್‌ಫಾರ್ಮರ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋದೀತು. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಹಳೆಯ ವೈರನ್ನು ಮೂರು ಪಿನ್ನಿನದಕ್ಕೆ ಬದಲಿಸುವುದರಿಂದ ಸಾಧನದ ಮೌಲ್ಯಕ್ಕೆ ಧಕ್ಕೆಯಾಗದು. ಬದಲಿಸದಿದ್ದರೆ ನುಡಿಸುವವರಿಗೇ ಅಪಾಯ.

ಎರಡನೆಯ ಹೆಜ್ಜೆ: ಹೊರರೂಪದಿಂದ ದಶಕವನ್ನು ಗುರುತಿಸುವುದು

ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೋ ಫೆಂಡರ್ 1946ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಂದ ಬಂದ ಆಂಪ್ಲಿಫೈಯರುಗಳ ಹೊದಿಕೆಯನ್ನು ನೋಡಿಯೇ ಸ್ಥೂಲವಾಗಿ ಕಾಲವನ್ನು ಹೇಳಬಹುದು: 1950ರ ದಶಕದವು ಟ್ವೀಡ್ ಎಂಬ ಗೋಧಿಬಣ್ಣದ ಒರಟು ಬಟ್ಟೆಯನ್ನು ಹೊದ್ದಿದ್ದರೆ, 1960ರಿಂದ ಕಂದು ಮತ್ತು ತಿಳಿಬಣ್ಣದ ವಿನೈಲ್ ಹೊದಿಕೆ ಬಂತು, 1963ರಿಂದ ಕಪ್ಪು ಮುಂಫಲಕವೂ 1967ರ ಕೊನೆಯ ಹೊತ್ತಿಗೆ ಬೆಳ್ಳಿಬಣ್ಣದ ಮುಂಫಲಕವೂ ಕಾಣಿಸಿಕೊಂಡವು. 1965ರ ಜನವರಿಯಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆ ಫೆಂಡರ್ ಕಂಪನಿಯನ್ನು ಕೊಂಡುಕೊಂಡ ಬಳಿಕ ಫಲಕದ ಮೇಲಿನ ‘ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ’ ಎಂಬ ಬರಹ ಹೋಗಿ ‘ಫೆಂಡರ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್’ ಎಂದಾಯಿತು. ಆದರೆ ದಾಸ್ತಾನಿನಲ್ಲಿದ್ದ ಹಳೆಯ ಫಲಕಗಳು ತೀರುವವರೆಗೂ ಬಳಕೆಯಾಗುತ್ತಿದ್ದುದರಿಂದ ಈ ಬರಹವೊಂದನ್ನೇ ಗಡಿರೇಖೆಯೆಂದು ಭಾವಿಸಲಾಗದು.

ಬ್ರಿಟನ್ನಿನ ಕಥೆ ಬೇರೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಅವರ ತಂತ್ರಜ್ಞರು ಫೆಂಡರ್‌ನ ಬಾಸ್‌ಮನ್ ಸರ್ಕ್ಯೂಟನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ಜೆಟಿಎಂ45 ಆಂಪ್ಲಿಫೈಯರನ್ನು ರೂಪಿಸಿದರು. ಮಾರ್ಷಲ್ ಪೆಟ್ಟಿಗೆಗಳಲ್ಲಿ 1969ರ ನಡುವಿನವರೆಗೆ ಪ್ಲೆಕ್ಸಿಗ್ಲಾಸ್ ಎಂಬ ಪಾರಕ ಪ್ಲಾಸ್ಟಿಕ್ಕಿನ ಮುಂಫಲಕವಿದ್ದು, ಬಳಿಕ ಅಲ್ಯೂಮಿನಿಯಂ ಫಲಕ ಬಂತು. ಅದೇ ವರ್ಷದಿಂದ ಸರಣಿ ಸಂಖ್ಯೆಯೊಂದಿಗೆ ವರ್ಷಸೂಚಕ ಇಂಗ್ಲಿಷ್ ಅಕ್ಷರವೂ ಸೇರಿದ್ದರಿಂದ ಕೆಲಸ ಸುಲಭವಾಯಿತು: ‘ಎ’ ಎಂದರೆ 1969–70, ‘ಸಿ’ ಎಂದರೆ 1971, ‘ಡಿ’ ಎಂದರೆ 1972, ಹೀಗೆ ‘ಎಚ್’ ಎಂದರೆ 1976, ಅಂಕಿಯೊಂದಿಗೆ ಗೊಂದಲವಾಗುವ ‘ಐ’ ಅಕ್ಷರವನ್ನು ಬಿಟ್ಟು ‘ಜೆ’ ಎಂದರೆ 1977.

ಮೂರನೆಯ ಹೆಜ್ಜೆ: ವಾಲ್ವ್ ಪಟ್ಟಿಯ ಚೀಟಿ

ಫೆಂಡರ್ ಪೆಟ್ಟಿಗೆಯ ಒಳಗೋಡೆಯಲ್ಲಿ ಯಾವ ಕುಳಿಯಲ್ಲಿ ಯಾವ ವಾಲ್ವ್ ಇರಬೇಕೆಂದು ತಿಳಿಸುವ ಕಾಗದದ ಚೀಟಿಯನ್ನು ಅಂಟಿಸಿರುತ್ತಾರೆ. 1950ರ ದಶಕದ ಮೊದಲಿನಿಂದ 1967ರ ಸುಮಾರಿನವರೆಗೆ ಆ ಚೀಟಿಯ ಮೇಲೆ ಎರಡು ಅಕ್ಷರಗಳ ಮುದ್ರೆಯನ್ನು ಒತ್ತುವ ಪದ್ಧತಿಯಿತ್ತು. ಮೊದಲ ಅಕ್ಷರ ವರ್ಷವನ್ನೂ ಎರಡನೆಯದು ತಿಂಗಳನ್ನೂ ಸೂಚಿಸುತ್ತದೆ: ‘ಎ’ ಎಂದರೆ 1951, ‘ಬಿ’ ಎಂದರೆ 1952 ಎಂದು ಮುಂದುವರಿದು ‘ಎನ್’ ಎಂದರೆ 1964 ಆಗುತ್ತದೆ, ತಿಂಗಳಲ್ಲಿ ‘ಎ’ ಜನವರಿ, ‘ಇ’ ಮೇ. ಹೀಗಾಗಿ ‘ಎನ್‌ಇ’ ಮುದ್ರೆಯಿದ್ದರೆ 1964ರ ಮೇ. ಆದರೆ 1990ರಿಂದ ಇದೇ ಸಂಸ್ಥೆ ‘ಎ’ಯಿಂದಲೇ ಹೊಸದಾಗಿ ಎಣಿಕೆ ಆರಂಭಿಸಿ ಗುಣಪರೀಕ್ಷೆಯ ಚೀಟಿಗಳಲ್ಲಿ ಬಳಸಿದ್ದರಿಂದ ಅದೇ ‘ಎನ್‌ಇ’ 2003ರ ಮೇ ತಿಂಗಳನ್ನೂ ಹೇಳುತ್ತದೆ. ಹಳೆಯ ರೂಪವನ್ನೇ ಹೋಲುವ ಮರುತಯಾರಿಕೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿರುವುದರಿಂದ ಈ ಭೇದವನ್ನು ಮರೆಯುವಂತಿಲ್ಲ. ಅವುಗಳನ್ನು ತೆರೆದರೆ, ಹೆಚ್ಚಿನವುಗಳಲ್ಲಿ ಕೈಯಿಂದ ಬೆಸೆದ ಹಳೆಯ ಹಲಗೆಯ ಜಾಗದಲ್ಲಿ ಮುದ್ರಿತ ಸರ್ಕ್ಯೂಟ್ ಬೋರ್ಡ್ ಕಾಣುತ್ತದೆ.

ಅದೇ ಚೀಟಿಯಲ್ಲಿ ‘ಎಬಿ763’ ಎಂಬಂಥ ಸರ್ಕ್ಯೂಟ್ ಸಂಖ್ಯೆಯೂ ಇದ್ದು, ಹೆಚ್ಚಿನವರು ಎಡವುವುದು ಇಲ್ಲಿಯೇ. ಅದರಲ್ಲಿನ 7 ಮತ್ತು 63 ಎಂಬುವು 1963ರ ಜುಲೈಯನ್ನು ಸೂಚಿಸುವುದು ನಿಜವಾದರೂ, ಅದು ಆ ವಿನ್ಯಾಸದ ದಿನಾಂಕವೇ ಹೊರತು ಪೆಟ್ಟಿಗೆ ತಯಾರಾದ ದಿನಾಂಕವಲ್ಲ. ಆ ವಿನ್ಯಾಸದಂತೆ ಮುಂದಿನ ಹಲವು ವರ್ಷ ಆಂಪ್ಲಿಫೈಯರುಗಳು ತಯಾರಾಗಿವೆ. ಟ್ವೀಡ್ ಕಾಲದ ‘5ಎಫ್6-ಎ’ ಎಂಬುದರಲ್ಲಿಯೂ 5 ದಶಕವನ್ನು, ‘ಎಫ್’ ಪರಿಷ್ಕರಣೆಯನ್ನು, 6 ಮಾದರಿಯನ್ನು ತಿಳಿಸುತ್ತವೆಯಷ್ಟೆ.

ನಾಲ್ಕನೆಯ ಹೆಜ್ಜೆ: ಬಿಡಿಭಾಗಗಳ ಸಂಕೇತ

ಕಾಲನಿರ್ಣಯದ ನಿಜವಾದ ತಿರುಳು ಇರುವುದು ಇಲ್ಲಿ. ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮವು ಪ್ರತಿ ತಯಾರಕ ಸಂಸ್ಥೆಗೂ ಒಂದು ಸಂಖ್ಯೆಯನ್ನು ನೀಡಿತ್ತು. ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಹಾಗೂ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಹಿಂದಿರುವ ಪೊಟೆನ್ಷಿಯೊಮೀಟರ್ ಇವುಗಳ ಮೇಲೆ ಆ ಸಂಖ್ಯೆಯ ನಂತರ ಒಂದು ಅಥವಾ ಎರಡು ಅಂಕಿಗಳಲ್ಲಿ ವರ್ಷ, ಕೊನೆಯ ಎರಡು ಅಂಕಿಗಳಲ್ಲಿ ವಾರ ನಮೂದಾಗಿರುತ್ತದೆ. ಫೆಂಡರ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುವ ಸಂಖ್ಯೆಗಳು ಇವು: ಟ್ರಾನ್ಸ್‌ಫಾರ್ಮರಿಗೆ ಟ್ರಯಡ್ ಸಂಸ್ಥೆಯ 830 ಮತ್ತು ಶುಮಾಕರ್ ಸಂಸ್ಥೆಯ 606, ಸ್ಪೀಕರಿಗೆ ಜೆನ್ಸನ್‌ನ 220, ಆಕ್ಸ್‌ಫರ್ಡ್‌ನ 465, ಯೂಟಾದ 328, ಪೊಟೆನ್ಷಿಯೊಮೀಟರಿಗೆ ಸಿಟಿಎಸ್‌ನ 137, ಸ್ಟ್ಯಾಕ್‌ಪೋಲ್‌ನ 304. ಉದಾಹರಣೆಗೆ, ಸ್ಪೀಕರಿನ ಚೌಕಟ್ಟಿನ ಮೇಲೆ 220432 ಎಂದಿದ್ದರೆ ಜೆನ್ಸನ್ ಸಂಸ್ಥೆಯದು, 4ರಲ್ಲಿ ಕೊನೆಗೊಳ್ಳುವ ವರ್ಷದ 32ನೆಯ ವಾರದ್ದು ಎಂದು ಓದಬೇಕು.

ಆ 4 ಎಂಬುದು 1954ರದೋ 1964ರದೋ ಎಂಬುದನ್ನು ಸಂಕೇತವೇ ಹೇಳುವುದಿಲ್ಲ. ಶಾಸನದಲ್ಲಿ ಬರಿಯ ಸಂವತ್ಸರದ ಹೆಸರಿದ್ದು ಶಕವರ್ಷ ಇಲ್ಲದಿದ್ದರೆ, ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಆ ಹೆಸರಿನ ಕಾಲವನ್ನು ಲಿಪಿಯಿಂದಲೂ ಅರಸನ ಹೆಸರಿನಿಂದಲೂ ನಿರ್ಧರಿಸುವಂತೆ, ಇಲ್ಲಿಯೂ ಹತ್ತು ವರ್ಷಕ್ಕೊಮ್ಮೆ ಮರಳುವ ಅಂಕಿಯನ್ನು ಎರಡನೆಯ ಹೆಜ್ಜೆಯಲ್ಲಿ ಗುರುತಿಸಿದ ಹೊರರೂಪದೊಂದಿಗೆ ಹೊಂದಿಸಿ ನೋಡಬೇಕು. ಟ್ವೀಡ್ ಹೊದಿಕೆಯಲ್ಲಿರುವ ಸ್ಪೀಕರಾದರೆ 1954, ಕಪ್ಪು ಫಲಕದ ಪೆಟ್ಟಿಗೆಯದಾದರೆ 1964 ಎಂದು ತಿಳಿಯುವುದು ಸಹಜ.

ಈಗ ‘ಎನ್‌ಇ’ ಮುದ್ರೆಯ ಕಪ್ಪು ಫಲಕದ ಆಂಪ್ಲಿಫೈಯರ್ ಒಂದನ್ನು ಕಲ್ಪಿಸಿಕೊಳ್ಳಬಹುದು. ಅದರ ಪೊಟೆನ್ಷಿಯೊಮೀಟರುಗಳಲ್ಲಿ 3046352, ಟ್ರಾನ್ಸ್‌ಫಾರ್ಮರಿನಲ್ಲಿ 606409, ಸ್ಪೀಕರಿನಲ್ಲಿ 465411 ಎಂದಿದ್ದರೆ ಅವು ಕ್ರಮವಾಗಿ 1963ರ ಕೊನೆಯ ವಾರ, 1964ರ 9ನೆಯ ವಾರ ಮತ್ತು 11ನೆಯ ವಾರಕ್ಕೆ ಸೇರಿದವು. ಬಿಡಿಭಾಗಗಳು ಕಾರ್ಖಾನೆಗೆ ಬಂದು ಜೋಡಣೆಯಾಗಲು ಕೆಲವು ವಾರ ಅಥವಾ ತಿಂಗಳು ಹಿಡಿಯುವುದರಿಂದ ಮೇ ತಿಂಗಳ ಮುದ್ರೆಯೊಂದಿಗೆ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಅದೇ ಪೆಟ್ಟಿಗೆಯ ಸ್ಪೀಕರ್ 465630 ಆಗಿದ್ದಲ್ಲಿ, 1966ರ ಸ್ಪೀಕರ್ 1964ರ ಪೆಟ್ಟಿಗೆಯಲ್ಲಿ ಮೂಲತಃ ಇರಲು ಸಾಧ್ಯವಿಲ್ಲವಾದ್ದರಿಂದ, ಸ್ಪೀಕರನ್ನು ನಂತರ ಬದಲಿಸಿದ್ದಾರೆ ಎಂದೇ ತೀರ್ಮಾನ. ಹಳೆಯ ಬಿಡಿಭಾಗ ಮಾತ್ರ ಅಷ್ಟು ಗಟ್ಟಿಯಾದ ಸಾಕ್ಷಿಯಲ್ಲ. ಫೆಂಡರ್ ಸಂಸ್ಥೆ 1966ರಲ್ಲಿ ಪೊಟೆನ್ಷಿಯೊಮೀಟರುಗಳನ್ನು ಭಾರಿ ಪ್ರಮಾಣದಲ್ಲಿ ಕೊಂಡಿಟ್ಟುಕೊಂಡ ಕಾರಣ ಆ ವರ್ಷದ ಸಂಕೇತವಿರುವವು ದಶಕದ ಕೊನೆಯವರೆಗೂ ಅದರ ವಾದ್ಯಗಳಲ್ಲಿ ಕಾಣಸಿಗುತ್ತವೆ.

ಸಂಕೇತವನ್ನು ಓದಿದ ಮೇಲೆ ಬೆಸುಗೆಯನ್ನೂ ನೋಡಬೇಕು. ಕಾರ್ಖಾನೆಯ ಬೆಸುಗೆ ಎಲ್ಲೆಡೆ ಒಂದೇ ತೆರನಾಗಿ ಮಂಕಾಗಿರುತ್ತದೆ. ಒಂದೆರಡು ಕಡೆ ಮಾತ್ರ ಹೊಳಪಿದ್ದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ವಾಲ್ವ್‌ಗಳಂತೂ ಸವೆದಂತೆಲ್ಲ ಬದಲಾಗುವ ವಸ್ತುಗಳಾದ್ದರಿಂದ ಅವುಗಳ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತ್ತು. ಬ್ರಿಟಿಷ್ ಆಂಪ್ಲಿಫೈಯರಿನಲ್ಲಿ ‘ಬಿಇಎಲ್’ ಮುದ್ರೆಯ ವಾಲ್ವ್ ಸಿಕ್ಕರೆ ಅದು ಆ ಪೆಟ್ಟಿಗೆ ಹಾದುಬಂದ ರಿಪೇರಿ ಅಂಗಡಿಯ ಬಗ್ಗೆ ಸುಳಿವು ಕೊಡಬಹುದೇ ವಿನಾ ಪೆಟ್ಟಿಗೆಯ ವಯಸ್ಸನ್ನು ಹೇಳದು.

ಐದನೆಯ ಹೆಜ್ಜೆ: ಪೆಡಲ್‌ಗಳು

1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣ ನ್ಯಾಶ್‌ವಿಲ್‌ನಲ್ಲಿ ನಡೆದಾಗ, ಉಪಕರಣವೊಂದು ಕೆಟ್ಟು ಬಾಸ್ ಗಿಟಾರಿನ ನಾದ ಒಡೆದು ಗೊರಗೊರನೆ ಕೇಳಿಬಂತು. ಆ ನಾದಕ್ಕೆ ಮನಸೋತ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಬೇಕೆಂದಾಗ ಹುಟ್ಟಿಸುವ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ರೂಪಿಸಿದರು. ಗಿಬ್ಸನ್ ಸಂಸ್ಥೆ 1962ರಲ್ಲಿ ಅದನ್ನು ಮಾಯೆಸ್ಟ್ರೊ ಫಝ್‌ಟೋನ್ ಎಂಬ ಹೆಸರಿನಲ್ಲಿ ಮಾರಿತು. ಇದೇ ಬಗೆಯ ಪೆಡಲ್‌ಗಳಾದ ಲಂಡನ್ನಿನ ಫಝ್ ಫೇಸ್ 1966ರಲ್ಲಿಯೂ ನ್ಯೂಯಾರ್ಕಿನ ಬಿಗ್ ಮಫ್ 1969ರಲ್ಲಿಯೂ ಬಂದವು.

ಪೆಡಲ್‌ಗಳಲ್ಲಿ ಚೀಟಿಯಾಗಲಿ ಟ್ರಾನ್ಸ್‌ಫಾರ್ಮರಾಗಲಿ ಇಲ್ಲದ ಕಾರಣ ಮೇಲಿನ ಬರಹ, ಒಳಗಿನ ಟ್ರಾನ್ಸಿಸ್ಟರ್ ಮತ್ತು ಪೊಟೆನ್ಷಿಯೊಮೀಟರುಗಳನ್ನೇ ಆಧರಿಸಬೇಕಾಗುತ್ತದೆ. ಫಝ್ ಫೇಸ್‌ನಲ್ಲಿ ‘ಆರ್ಬಿಟರ್’ ಎಂದಷ್ಟೇ ಇರುವುದು ಮೊದಲಿನದು, ‘ಡಲ್ಲಾಸ್ ಆರ್ಬಿಟರ್’ ಎಂದಿರುವುದು ನಂತರದ್ದು. ಮೊದಲಿನವುಗಳಲ್ಲಿ ಎನ್‌ಕೆಟಿ275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದು, 1960ರ ದಶಕದ ಕೊನೆಗೆ ಸಿಲಿಕಾನ್‌ನವು ಬಂದವು. ಅಮೆರಿಕದ ಎಂಎಕ್ಸ್‌ಆರ್ ಪೆಡಲ್‌ಗಳ ಹೆಸರು 1977ರ ಸುಮಾರಿನವರೆಗೆ ಕೂಡುಬರಹದಲ್ಲಿದ್ದು, ಆಮೇಲೆ ದಪ್ಪ ಅಕ್ಷರಗಳಿಗೆ ತಿರುಗಿತು. ಜಪಾನಿನ ಬಾಸ್ ಸಂಸ್ಥೆಯ ಚಿಕ್ಕ ಪೆಡಲ್‌ಗಳು 1977ರಲ್ಲಿ ಆರಂಭವಾದವು. 1980ರ ದಶಕದ ಕೊನೆಯಲ್ಲಿ ತಯಾರಿಕೆ ತೈವಾನಿಗೆ ಸರಿಯತೊಡಗಿದ್ದರಿಂದ ಬುಡದಲ್ಲಿನ ದೇಶದ ಹೆಸರು ಒಳ್ಳೆಯ ಸೂಚಕ. ಇಬಾನೆಝ್ ಟ್ಯೂಬ್ ಸ್ಕ್ರೀಮರ್‌ನ ಟಿಎಸ್808 ಮಾದರಿ 1979ರಿಂದ, ಟಿಎಸ್9 ಮಾದರಿ 1982ರಿಂದ ತಯಾರಾದವು. ಎರಡೂ ಈಚೆಗೆ ಮತ್ತೆ ತಯಾರಾಗುತ್ತಿರುವುದರಿಂದ ಹೊರಗಿನ ಬಣ್ಣವನ್ನು ನೋಡಿ ಕೊಳ್ಳುವುದು ಅಪಾಯಕರ. ಬೇಕೆಂದಾಗ ಬಿಚ್ಚಿ ಹಾಕಬಹುದಾದ ಚಿಪ್ ಮತ್ತು ಟ್ರಾನ್ಸಿಸ್ಟರುಗಳಿಗಾಗಿಯೇ ದೊಡ್ಡ ಬೆಲೆ ಕೇಳುವ ಈ ವ್ಯಾಪಾರದಲ್ಲಿ ಆಂಪ್ಲಿಫೈಯರಿಗಿಂತ ಪೆಡಲಿನಲ್ಲೇ ಮೋಸಕ್ಕೆ ಅವಕಾಶ ಹೆಚ್ಚು.

ಕೊನೆಗೆ: ದಾಖಲಿಸುವುದು

ದೊರೆತ ಎಲ್ಲ ಸಂಕೇತಗಳನ್ನೂ ಭಾಗದ ಹೆಸರಿನೊಂದಿಗೆ ಬರೆದಿಟ್ಟು, ಪ್ರತಿಯೊಂದರ ಛಾಯಾಚಿತ್ರ ತೆಗೆದಿಡಬೇಕು. ಚೀಟಿಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಶಾಯಿಯ ಮುದ್ರೆಯೇ ಅಳಿಸಿಹೋಗುವುದರಿಂದ ಅದನ್ನು ಹಾಗೆಯೇ ಬಿಡಬೇಕು. ರಿಪೇರಿಯಲ್ಲಿ ತೆಗೆದ ಹಳೆಯ ಕೆಪಾಸಿಟರ್, ಸ್ಪೀಕರ್, ವೈರುಗಳನ್ನು ಎಸೆಯದೆ ಪೆಟ್ಟಿಗೆಯೊಂದಿಗೇ ಇಡಬೇಕು, ಏಕೆಂದರೆ ಮುಂದೆ ಅದನ್ನು ಪರಿಶೀಲಿಸುವವರಿಗೆ ಅವೇ ಪುರಾವೆ. ಸಾಕ್ಷ್ಯ ‘1964ರ ಮಧ್ಯಭಾಗ’ ಎಂಬಲ್ಲಿಗೆ ನಿಂತರೆ ಅಷ್ಟನ್ನೇ ಬರೆಯಬೇಕು. ಕೊಳ್ಳಲು ಹೊರಟವರು ಹಣ ಕೊಡುವ ಮೊದಲು ಚಾಸಿಸ್ಸಿನ ಒಳಭಾಗದ, ಟ್ರಾನ್ಸ್‌ಫಾರ್ಮರಿನ ಮತ್ತು ಸ್ಪೀಕರಿನ ಸಂಕೇತಗಳ ಸ್ಪಷ್ಟ ಚಿತ್ರಗಳನ್ನು ಕೇಳಬೇಕು. ಅವನ್ನು ಕೊಡಲೊಪ್ಪದವರು ಎಷ್ಟೇ ಆಕರ್ಷಕ ಬೆಲೆ ಹೇಳಿದರೂ ಅವರಿಂದ ಕೊಳ್ಳದಿರುವುದೇ ಲೇಸು.