ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ಪರಿಗಿ ಸೀಮೆಯವರಿಗೆ

ಕೆರೆ ತುಂಬಿದರೆ ಊರಿಗೇ ಹಬ್ಬವೆಂದು ಬಗೆಯುವ ನಮ್ಮ ಪರಿಗಿ, ಹಿಂದೂಪುರ ಸೀಮೆಯ ಜನ, ನೀರಿನ ಪ್ರವಾಸಕ್ಕೂ ಸಹಜವಾಗಿಯೇ ಮಳೆಗಾಲವನ್ನು ಆರಿಸಿಕೊಂಡು, ಶ್ರಾವಣದ ರಜೆಯಲ್ಲಿ ಮಕ್ಕಳುಮರಿಗಳೊಡನೆ ದ್ವೀಪಕ್ಕೆ ಬೋಟು ಹೊರಡುವ ಮಲ್ಪೆಗೆ ಹೋಗಿ, ಬೋಟುಗಳೆಲ್ಲ ದಡ ಹಿಡಿದಿರುವುದನ್ನು ಕಂಡು ಖಿನ್ನರಾಗಿ ಹಿಂದಿರುಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮುಂಗಾರು ನಮ್ಮ ಕೆರೆಗೆ ಜೀವ. ಅರಬ್ಬೀ ಸಮುದ್ರಕ್ಕೆ ಅದೇ ರೌದ್ರಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪಕ್ಕೆ ಪ್ರವಾಸಿ ಬೋಟುಗಳು ಹೋಗುವುದಿಲ್ಲ. ಆದುದರಿಂದ ದೀಪಾವಳಿ ಕಳೆದ ಮೇಲೆ, ಫೆಬ್ರವರಿಯೊಳಗೆ ಹೊರಡತಕ್ಕದ್ದು.

ದ್ವೀಪದಲ್ಲಿ ನೋಡತಕ್ಕುದೇನೆಂದರೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಕುಗ್ಗಿ, ಐದಾರು ಮುಖಗಳ ಶಿಲಾಸ್ತಂಭಗಳಾಗಿ ಸೀಳಿ ನಿಂತಿರುವ ದೃಶ್ಯ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಿಂದೂಪುರದಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿನ ಜಾವಕ್ಕೆ ಉಡುಪಿ. ಮಲ್ಪೆ ಅಲ್ಲಿಂದ ಹತ್ತಿರವೇ ಸರಿ.

ಇಲ್ಲಿಯೇ ಬಹುಮಂದಿ ಎಡವುತ್ತಾರೆ. ಉಡುಪಿಯ ಕೃಷ್ಣಮಠದ ದರ್ಶನ, ಊಟ, ವಿಶ್ರಾಂತಿಗಳನ್ನೆಲ್ಲ ಮುಗಿಸಿ ಮಧ್ಯಾಹ್ನದ ಮೇಲೆ ಸಮುದ್ರಕ್ಕಿಳಿಯುವುದು ದೊಡ್ಡ ತಪ್ಪು. ಹಗಲೇರಿದಂತೆ ನೆಲವು ಕಡಲಿಗಿಂತ ಬೇಗ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಲು, ಆ ತೆರವನ್ನು ತುಂಬಲೆಂದು ಕಡಲಗಾಳಿ ದಡದತ್ತ ಬೀಸತೊಡಗುತ್ತದೆ. ನೀರು ಕದಡಿ ಅಲೆಗಳು ಬೋಟನ್ನು ಹೊಯ್ದಾಡಿಸುತ್ತವೆ, ಬಯಲುಸೀಮೆಯವರ ಹೊಟ್ಟೆ ತೊಳಸತೊಡಗುತ್ತದೆ. ರಾತ್ರಿ ಇದಕ್ಕೆ ವ್ಯತಿರಿಕ್ತವಾಗಿ ನೆಲದ ಗಾಳಿ ಕಡಲಿನತ್ತ ಸಾಗುವುದರಿಂದ, ಹಾಯಿ ಕಟ್ಟಿದ ಮಂಜಿಗಳಲ್ಲಿ ಸರಕು ಸಾಗಿಸುತ್ತಿದ್ದ ಹಿಂದಿನ ನಾವಿಕರು ನಸುಕಿನಲ್ಲಿ ಹೊರಟು ಕಡಲಗಾಳಿಯೊಡನೆ ದಡಕ್ಕೆ ಮರಳುತ್ತಿದ್ದರು. ಯಂತ್ರದ ಬೋಟು ಬಂದಿತೆಂದು ಗಾಳಿಯ ನಿಯಮ ಬದಲಾಗಿಲ್ಲ. ಬೆಳಗಿನ ಮೊದಲ ಬೋಟಿಗೇ ಟಿಕೆಟು ಕೊಳ್ಳಿರಿ. ದೇವರ ದರ್ಶನ ಸಂಜೆಗಿರಲಿ. ಸಾಕಷ್ಟು ಜನ ಸೇರುವ ತನಕ ಬೋಟು ಹೊರಡದೆ ಇರಬಹುದಾದುದರಿಂದ ತಾಳ್ಮೆಯಿರಲಿ. ಬರಿಹೊಟ್ಟೆಯೂ ಬೇಡ, ಬಿರಿಯುವಷ್ಟು ಉಂಡ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು.

ಲೈಫ್ ಜಾಕೆಟನ್ನು ಶಲ್ಯದಂತೆ ಹೆಗಲಿಗೆ ಹಾಕಿಕೊಂಡು ಪಟ್ಟಿಗಳನ್ನು ಇಳಿಬಿಟ್ಟು ಕೂರುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ಬಿಗಿದು, ಹೆಗಲ ಬಳಿ ಹಿಡಿದೆತ್ತಿ ನೋಡಿರಿ. ಅದು ಗಲ್ಲದ ತನಕ ಜಾರಿ ಬಂದರೆ ಕಟ್ಟಿದ್ದು ಸಾಲದು. ಹತ್ತುವಾಗ, ಇಳಿಯುವಾಗ ಬೋಟಿನವನ ಕೈಯನ್ನು ಮಣಿಕಟ್ಟಿನ ಬಳಿ ಭದ್ರವಾಗಿ ಹಿಡಿದು, ಅವನು ಹೇಳಿದ ಕ್ಷಣದಲ್ಲಿಯೇ ಹೆಜ್ಜೆಯಿಡಬೇಕು.

ಹಿಂದಿರುಗುವ ಬೋಟಿನ ವೇಳೆಯನ್ನು ಇಳಿಯುವ ಮೊದಲೇ ಕೇಳಿಕೊಳ್ಳಿರಿ. ಕಂಬಶಿಲೆಗಳ ಬುಡ ಪಾಚಿಗಟ್ಟಿ ಜಾರುವುದರಿಂದ ಚಿತ್ರಕ್ಕಾಗಿ ಅಂಚಿಗೆ ಹೋಗಬಾರದು. ನಮ್ಮ ಕೆರೆಯಲ್ಲಿ ಈಜು ಬಲ್ಲವನೂ ಅಲ್ಲಿಯ ಸೆಳೆತವನ್ನು ಬಲ್ಲವನಲ್ಲ.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ವಸತಿ ಮಲ್ಪೆಯಲ್ಲಿ ಅಥವಾ ಉಡುಪಿಯಲ್ಲಿ. ಟೊಪ್ಪಿಗೆ, ಕುಡಿಯುವ ನೀರು ಜೊತೆಗಿರಲಿ. ಖಾಲಿ ಬಾಟಲಿ ನಿಮ್ಮ ಚೀಲದಲ್ಲಿಯೇ ಮರಳಲಿ. ಶಿಲೆಯ ಚೂರನ್ನು ಮಾತ್ರ ದಯವಿಟ್ಟು ಮನೆಗೆ ತರಬೇಡಿರಿ.